ದೋಷವರದಿ ಎಂಬ ಬರವಣಿಗೆ: ಮುಕ್ತ ತಂತ್ರಾಂಶ ಮತ್ತು ಕನ್ನಡ ವಿದ್ವತ್ತಿನ ಹೊಣೆ

ಕನ್ನಡ ಮತ್ತು ಗಣಕ ಎಂಬ ವಿಷಯವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಎರಡು ದಿಕ್ಕುಗಳಲ್ಲಿ ಸಾಗುತ್ತವೆ. ಕನ್ನಡವನ್ನು ಗಣಕಕ್ಕೆ ಅಳವಡಿಸಿದವರ ಸಾಧನೆಯನ್ನು ದಾಖಲಿಸುವುದು ಒಂದು. ಇನ್ನೂ ಆಗಬೇಕಾದ ಕೆಲಸಗಳ ಪಟ್ಟಿಯನ್ನು ಸರ್ಕಾರದ ಮುಂದಿಡುವುದು ಇನ್ನೊಂದು. ಇವೆರಡರ ನಡುವೆ ದಿನನಿತ್ಯ ನಡೆಯುವ ಮತ್ತೊಂದು ಕೆಲಸವಿದೆ. ತಂತ್ರಾಂಶದಲ್ಲಿ ಕಂಡ ತಪ್ಪನ್ನು ಅದನ್ನು ಸಿದ್ಧಪಡಿಸಿದವರಿಗೆ ಬರೆದು ತಿಳಿಸುವುದು, ಬಂದ ದೂರನ್ನು ಪರೀಕ್ಷಿಸಿ ವಿಂಗಡಿಸುವುದು, ಅದನ್ನು ತಿದ್ದುವುದು ಅಥವಾ ಕಾರಣ ಹೇಳಿ ತಿದ್ದದೆ ಬಿಡುವುದು ಆ ಕೆಲಸದ ಹಂತಗಳು. ತಂತ್ರಜ್ಞರ ಮಾತಿನಲ್ಲಿ ಇಂಥ ತಪ್ಪಿಗೆ ‘ಬಗ್’ ಎಂದೂ ಅದನ್ನು ತಿಳಿಸುವ ಬರಹಕ್ಕೆ ‘ಬಗ್ ರಿಪೋರ್ಟ್’ ಎಂದೂ ಹೆಸರು. ಪ್ರಸ್ತುತ ಲೇಖನದಲ್ಲಿ ಇದನ್ನು ‘ದೋಷವರದಿ’ ಎಂದು ಕರೆಯಲಾಗಿದೆ.

ದೋಷವರದಿಯನ್ನು ಕೇವಲ ತಾಂತ್ರಿಕ ಸಂಗತಿಯೆಂದು ಭಾವಿಸಿ ಕನ್ನಡ ವಿಭಾಗಗಳು ಅದರಿಂದ ದೂರ ಉಳಿದಿವೆ. ಈ ಭಾವನೆ ಮರುಪರಿಶೀಲನೆಗೆ ಅರ್ಹವಾಗಿದೆ. ಸ್ವಯಂಸೇವಕರು ನಡೆಸುವ ಯೋಜನೆಗಳಲ್ಲಿ ಒಂದು ವರದಿಯ ಗತಿ ಅದು ಹೇಳುವ ಮಾತು ಎಷ್ಟು ಸತ್ಯ ಎಂಬುದರ ಮೇಲೆ ಮಾತ್ರ ನಿಂತಿರುವುದಿಲ್ಲ. ಅದನ್ನು ಓದಿ, ಪರೀಕ್ಷಿಸಿ, ‘ಇದು ನಿಜ’ ಎಂದು ದೃಢಪಡಿಸಬಲ್ಲವರು ಇದ್ದಾರೆಯೇ ಎಂಬುದರ ಮೇಲೂ ನಿಂತಿರುತ್ತದೆ. ಕನ್ನಡದ ಲಿಪಿಗೆ, ಪದಕ್ಕೆ, ಅಕಾರಾದಿಗೆ ಸಂಬಂಧಿಸಿದ ವರದಿಯನ್ನು ದೃಢಪಡಿಸಲು ಬೇಕಾದ ತಿಳಿವಳಿಕೆ ಇರುವುದು ಕನ್ನಡ ವಿದ್ವಾಂಸರಲ್ಲಿ. ಆ ತಿಳಿವಳಿಕೆ ವರದಿಯ ಬಳಿಗೆ ಹೋಗುತ್ತಿಲ್ಲ. ಹೀಗಾಗಿ ನಿಜವಾದ ದೋಷವೂ ದೃಢಪಡದ ದೂರಾಗಿ ಉಳಿದು ಕಡೆಗೆ ಕಡತದಲ್ಲಿಯೇ ಮುಗಿದುಹೋಗುವ ಸಂಭವವಿದೆ.

ಬಹಿರಂಗ ದೋಷಪಟ್ಟಿ

ಮೂಲಸಂಕೇತವನ್ನು ಯಾರು ಬೇಕಾದರೂ ಓದಲು, ತಿದ್ದಲು, ಹಂಚಲು ಅನುಮತಿಯುಳ್ಳ ತಂತ್ರಾಂಶವೇ ಮುಕ್ತ ತಂತ್ರಾಂಶ. ಇಂಥ ಯೋಜನೆಗಳಲ್ಲಿ ಕೆಲವಕ್ಕೆ ದೊಡ್ಡ ಕಂಪೆನಿಗಳ ಬೆಂಬಲವುಂಟು. ಅನೇಕ ಯೋಜನೆಗಳು ಬೆರಳೆಣಿಕೆಯ ಸ್ವಯಂಸೇವಕರ ಬಿಡುವಿನ ವೇಳೆಯಲ್ಲಿ ನಡೆಯುತ್ತವೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಈ ಬಗೆಯ ಹಳೆಯ ಯೋಜನೆಗಳಲ್ಲೊಂದು. ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯನ್ನು ಸಿದ್ಧಪಡಿಸಿ ಹಂಚುವ ಈ ಬಳಗ 1997ರಲ್ಲಿ ತನ್ನ ಸಾಮಾಜಿಕ ಒಡಂಬಡಿಕೆಯನ್ನು ಪ್ರಕಟಿಸಿತು. ಬಳಕೆದಾರರಿಂದ ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲ, ದೋಷವರದಿಗಳ ಇಡೀ ಸಂಗ್ರಹವನ್ನು ಸದಾ ಸಾರ್ವಜನಿಕವಾಗಿ ಇರಿಸಲಾಗುತ್ತದೆ ಎಂಬ ಆಶ್ವಾಸನೆ ಅದರ ಅಂಗವಾಗಿದೆ. 1998ರಲ್ಲಿ ನೆಟ್‌ಸ್ಕೇಪ್ ಕಂಪೆನಿ ತನ್ನ ಬ್ರೌಸರಿನ ಮೂಲಸಂಕೇತವನ್ನು ಬಿಡುಗಡೆ ಮಾಡಿದಾಗ ಮೊಜಿಲ್ಲಾ ಯೋಜನೆ ಹುಟ್ಟಿತು. ಅದರ ವರದಿಗಳನ್ನು ದಾಖಲಿಸಲು ಟೆರ್ರಿ ವೈಸ್‌ಮನ್ ಅದೇ ವರ್ಷ ಬಗ್‌ಜಿಲ್ಲಾ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಡೆಬಿಯನ್ ಮತ್ತು ಮೊಜಿಲ್ಲಾ ಎರಡರಲ್ಲಿಯೂ ವರದಿಗಳ ಕ್ರಮಸಂಖ್ಯೆ ಇಂದು ಹತ್ತು ಲಕ್ಷವನ್ನು ದಾಟಿದೆ. ತನ್ನ ತಪ್ಪುಗಳನ್ನು ತಾನೇ ಪಟ್ಟಿ ಮಾಡಿ ಲೋಕದ ಮುಂದಿಡುವ ಈ ಪದ್ಧತಿ ಜ್ಞಾನದ ಇತರ ಕ್ಷೇತ್ರಗಳಲ್ಲಿ ವಿರಳ. ಅಚ್ಚಾದ ಪುಸ್ತಕದ ಒಪ್ಪೋಲೆ ಕೂಡ ಲೇಖಕನ ಕಣ್ಣಿಗೆ ಬಿದ್ದ ತಪ್ಪುಗಳನ್ನಷ್ಟೇ ಹೇಳುತ್ತದೆ.

ನೋಡುವ ಕಣ್ಣುಗಳು ಸಾಕಷ್ಟಿದ್ದರೆ ತಂತ್ರಾಂಶದ ಯಾವ ದೋಷವೂ ಬಹುಕಾಲ ಅಡಗಿರಲಾರದು ಎಂಬ ಆಶಯದ ವಾದವನ್ನು ಎರಿಕ್ ರೇಮಂಡ್ 1997ರಲ್ಲಿ ಮಂಡಿಸಿದರು. ಈ ವಾದಕ್ಕೆ ಒಂದು ಮಿತಿಯಿದೆ. ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ 2012ರಲ್ಲಿ ಬಿಡುಗಡೆಯಾದ ಆವೃತ್ತಿಯೊಂದಿಗೆ ಸೇರಿಕೊಂಡ ‘ಹಾರ್ಟ್‌ಬ್ಲೀಡ್’ ಎಂಬ ದೋಷ 2014ರ ಏಪ್ರಿಲ್‌ವರೆಗೆ ಬಹಿರಂಗಕ್ಕೆ ಬರಲಿಲ್ಲ. ಅಂತರಜಾಲದ ಗುಪ್ತ ವ್ಯವಹಾರಗಳ ರಕ್ಷಣೆಯನ್ನೇ ಹೊತ್ತಿದ್ದ ಆ ಸಂಕೇತ ಎಲ್ಲರ ಮುಂದೆ ತೆರೆದೇ ಇತ್ತು. ಅದನ್ನು ಬಳಸುವವರು ಅಸಂಖ್ಯ, ಓದುವವರು ಬಹಳ ಕಡಿಮೆ. ಭಾಷೆಯ ವಿಷಯದಲ್ಲಿ ಈ ಮಿತಿ ಇನ್ನೂ ಸ್ಪಷ್ಟ. ಕನ್ನಡ ಅಕ್ಷರದ ದೋಷವನ್ನು ಕನ್ನಡ ಬಾರದ ಸಾವಿರ ಕಣ್ಣುಗಳು ನೋಡಿದರೂ ಅದು ದೋಷವೆಂದು ತೋರುವುದಿಲ್ಲ.

ವರದಿಯ ಜೀವನಕ್ರಮ

ದೋಷವರದಿಯೊಂದು ಬಂದೊಡನೆ ತಿದ್ದುಪಡಿ ಆರಂಭವಾಗುತ್ತದೆಂದು ತಿಳಿಯುವುದು ಸರಿಯಲ್ಲ. ಮೊದಲು ನಡೆಯುವುದು ವಿಂಗಡಣೆ. ಇದಕ್ಕೆ ಬಳಸುವ ‘ಟ್ರಿಯಾಜ್’ ಎಂಬ ಫ್ರೆಂಚ್ ಮೂಲದ ಪದ ಯುದ್ಧಭೂಮಿಯ ಚಿಕಿತ್ಸಾಲಯಗಳಿಂದ ಬಂದದ್ದು. ಗಾಯಾಳುಗಳು ಹಲವರು, ವೈದ್ಯರು ಕೆಲವರು ಆದಾಗ ಯಾರನ್ನು ಮೊದಲು ನೋಡಬೇಕೆಂದು ನಿರ್ಧರಿಸುವ ಕ್ರಮ ಅದು. ಡೆಬಿಯನ್ ಯೋಜನೆಯಲ್ಲಿ ದೋಷದ ತೀವ್ರತೆಯನ್ನು ಏಳು ದರ್ಜೆಗಳಲ್ಲಿ ಗುರುತಿಸುತ್ತಾರೆ. ಅತಿ ಗಂಭೀರವಾದ ಮೊದಲ ಮೂರು ದರ್ಜೆಯ ದೋಷಗಳು ಹೊಸ ಆವೃತ್ತಿಯ ಬಿಡುಗಡೆಗೇ ಅಡ್ಡಿಯಾಗಬಲ್ಲವು; ಏಳನೆಯ ದರ್ಜೆಯದು ಕೇವಲ ಅಪೇಕ್ಷೆ. ಒಂದು ಅಕ್ಷರ ತಪ್ಪಾಗಿ ಮೂಡುವುದು ಗಂಭೀರ ದೋಷವೋ ಅಲಂಕಾರದ ಕೊರತೆಯೋ ಎಂಬ ಪ್ರಶ್ನೆಗೆ ಉತ್ತರ, ಆ ಅಕ್ಷರ ತಪ್ಪಿದಾಗ ಅರ್ಥ ಕೆಡುತ್ತದೆಯೇ ಎಂಬುದನ್ನು ಅವಲಂಬಿಸಿದೆ. ಇದನ್ನು ಹೇಳಬಲ್ಲವರು ಭಾಷೆ ಬಲ್ಲವರೇ.

ವಿಂಗಡಣೆಯ ಅನಂತರ ವರದಿಗೆ ಹಲವು ಗತಿಗಳುಂಟು. ದೋಷವನ್ನು ತಿದ್ದಬಹುದು. ಅದು ದೋಷವೇ ಅಲ್ಲವೆನ್ನಬಹುದು. ದೋಷ ಹೌದು, ಆದರೆ ತಿದ್ದುವುದಿಲ್ಲ ಎನ್ನಬಹುದು. ಹಿಂದೆ ಬಂದ ವರದಿಯ ಪುನರುಕ್ತಿ ಎಂದೋ ವಿವರ ಸಾಲದೆಂದೋ ಮುಗಿಸಬಹುದು. ಪರೀಕ್ಷಿಸಿದವರ ಗಣಕದಲ್ಲಿ ಎಲ್ಲವೂ ಸರಿಯಾಗಿದೆಯೆಂಬ ಷರಾ ಕೂಡ ಇತ್ಯರ್ಥದ ಒಂದು ಬಗೆ. ಈ ಪರಿಭಾಷೆಯನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ತಿದ್ದಲಾಗಿದೆ ಎಂಬುದೊಂದನ್ನು ಬಿಟ್ಟರೆ ಉಳಿದ ಗತಿಗಳೆಲ್ಲವೂ ವರದಿಯ ಬರವಣಿಗೆಯನ್ನೂ ಅದನ್ನು ಓದುವವರ ತಿಳಿವಳಿಕೆಯನ್ನೂ ಹೆಚ್ಚಾಗಿ ಅವಲಂಬಿಸಿವೆ.

ಪುಟ್ಟಿ ಎಂಬ ಮುಕ್ತ ತಂತ್ರಾಂಶದ ಕರ್ತೃ ಸೈಮನ್ ಟ್ಯಾಥಮ್ ದೋಷವರದಿಯನ್ನು ಬರೆಯುವ ಬಗೆಯನ್ನು ಕುರಿತು 1999ರಲ್ಲಿ ಒಂದು ಪ್ರಬಂಧ ಬರೆದರು. ಕಂಡದ್ದನ್ನು ಕಂಡಂತೆ ಹೇಳಬೇಕು, ಏನಾಗಬೇಕಿತ್ತು ಎಂಬುದನ್ನು ತಿಳಿಸಬೇಕು, ಓದುವವರು ಅದೇ ದೋಷವನ್ನು ತಮ್ಮಲ್ಲಿ ಮರಳಿ ಕಾಣುವಂತೆ ಕ್ರಮವನ್ನು ವಿವರಿಸಬೇಕು, ದೋಷದ ಕಾರಣವನ್ನು ಕುರಿತ ಊಹೆಯನ್ನು ಕಂಡ ಸಂಗತಿಯೊಂದಿಗೆ ಬೆರೆಸಬಾರದು ಎಂಬುದು ಅದರ ತಾತ್ಪರ್ಯ. ಈ ನಿಯಮಗಳಲ್ಲಿ ಗಣಿತವಾಗಲೀ ಸಂಕೇತರಚನೆಯಾಗಲೀ ಇಲ್ಲ. ಇವು ಗದ್ಯದ ನಿಯಮಗಳು.

ಒಂದು ಪದದ ಸಾಕ್ಷ್ಯ

ಕನ್ನಡದ ಒಂದು ಪರಿಚಿತ ಉದಾಹರಣೆಯನ್ನು ಇಲ್ಲಿ ಪರಿಶೀಲಿಸಬಹುದು. ಪರೀಕ್ಷೆಯ ಫಲಿತಾಂಶದ ಸುದ್ದಿಗಳಲ್ಲಿ ಬರುವ ‘ರ‍್ಯಾಂಕ್’ ಎಂಬ ಪದವನ್ನು ಗಣಕದಲ್ಲಿ ಬರೆಯ ಹೊರಟವರಿಗೆ ಹಲವು ಸಲ ದೊರೆಯುವುದು ‘ರ್ಯಾಂಕ್’ ಎಂಬ ರೂಪ. ಅಂದರೆ ರಕಾರದ ಕೆಳಗೆ ಯಕಾರದ ಒತ್ತು ಬರುವ ಬದಲು ಯಕಾರದ ಮುಂದೆ ಅರ್ಕಾವೊತ್ತು ಬರುತ್ತದೆ. ‘ರ‍್ಯಾಲಿ’ ಎಂಬ ಪದದ ಪಾಡೂ ಇದೇ. ಇದನ್ನು ಕಂಡ ಬಳಕೆದಾರ ‘ಕನ್ನಡ ಸರಿಯಾಗಿ ಮೂಡುತ್ತಿಲ್ಲ’ ಎಂದು ಬರೆದು ಕಳುಹಿಸಿದನೆಂದುಕೊಳ್ಳೋಣ. ವರದಿ ಓದಿದ ಸ್ವಯಂಸೇವಕರು ಯೂನಿಕೋಡ್ ಶಿಷ್ಟತೆಯನ್ನು ತೆಗೆದು ನೋಡುತ್ತಾರೆ. ರಕಾರ, ಹಲಂತ ಚಿಹ್ನೆ, ಯಕಾರ ಎಂಬ ಅನುಕ್ರಮ ಬಂದಾಗ ಅರ್ಕಾವೊತ್ತು ಮೂಡಬೇಕೆಂಬುದೇ ಅಲ್ಲಿನ ನಿಯಮ. ‘ಸೂರ್ಯ’, ‘ಕಾರ್ಯ’ ಎಂಬ ಪದಗಳು ಅದೇ ನಿಯಮದಿಂದ ಸರಿಯಾಗಿ ಮೂಡುತ್ತವೆ. ಆದ್ದರಿಂದ ಇದು ದೋಷವಲ್ಲವೆಂದು ಷರಾ ಬರೆದು ವರದಿಯನ್ನು ಮುಗಿಸಿದರೆ ಅವರನ್ನು ತಪ್ಪುಗಾರರೆನ್ನುವಂತಿಲ್ಲ. ದೂರು ಕೊಟ್ಟವನು ಸುಳ್ಳು ಹೇಳಿದನೆನ್ನುವಂತೆಯೂ ಇಲ್ಲ.

ವಾಸ್ತವವಾಗಿ ಇಲ್ಲಿ ಹಲವು ಪದರಗಳಿವೆ. ರಕಾರಕ್ಕೆ ಒತ್ತು ಕೊಡಬೇಕಾದರೆ ರಕಾರದ ಬೆನ್ನಿಗೇ, ಹಲಂತ ಚಿಹ್ನೆಗೆ ಮೊದಲು, ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕವೊಂದನ್ನು ಸೇರಿಸಬೇಕೆಂದು ಯೂನಿಕೋಡ್ ವಿಧಿಸುತ್ತದೆ. ಆ ಜೋಡಕವನ್ನು ಒತ್ತಲು ಕೀಲಿಮಣೆಯ ವಿನ್ಯಾಸದಲ್ಲಿ ಅನುಕೂಲವಿರದಿದ್ದರೆ ಕೊರತೆ ಕೀಲಿಮಣೆಯದು. ಜೋಡಕವಿದ್ದೂ ಒತ್ತು ಮೂಡದಿದ್ದರೆ ದೋಷ ಅಕ್ಷರಗಳನ್ನು ಜೋಡಿಸುವ ತಂತ್ರಾಂಶದ್ದೋ ಫಾಂಟಿನದ್ದೋ ಆಗಿರಬಹುದು. ಒಂದೇ ಪದ ಜೋಡಕದೊಂದಿಗೂ ಜೋಡಕವಿಲ್ಲದೆಯೂ ಬರೆಯಲ್ಪಟ್ಟಾಗ ಅವು ಗಣಕದ ಪಾಲಿಗೆ ಬೇರೆ ಬೇರೆ ಸಂಕೇತಸರಣಿಗಳಾದ್ದರಿಂದ ಹುಡುಕಾಟದಲ್ಲಿ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗಬಹುದು. ಆಗ ಪ್ರಶ್ನೆ ಹುಡುಕುವ ತಂತ್ರಾಂಶಕ್ಕೆ ಸಂಬಂಧಿಸಿದ್ದು. ಇದರ ಮೇಲೆ ಭಾಷೆಯದೇ ಆದ ಇನ್ನೊಂದು ತೊಡಕು ಸೇರುತ್ತದೆ. ‘ಸೂರ್ಯ’ ಎಂಬುದನ್ನು ‘ಸೂರ‍್ಯ’ ಎಂದು ಬರೆಯುವ ರೂಢಿಯೂ ಕನ್ನಡದಲ್ಲಿದೆ. ಅಲ್ಲಿ ಎರಡು ರೂಪಗಳೂ ಸಾಧು. ‘ರ‍್ಯಾಂಕ್’ ಎಂಬಲ್ಲಿ ಮಾತ್ರ ಎರಡನೆಯ ಆಯ್ಕೆಯಿಲ್ಲ, ಏಕೆಂದರೆ ಪದದ ಆದಿಯಲ್ಲಿ ಅರ್ಕಾವೊತ್ತು ಓದುಗನನ್ನು ದಾರಿ ತಪ್ಪಿಸುತ್ತದೆ. ಎಲ್ಲಿ ವಿಕಲ್ಪ, ಎಲ್ಲಿ ದೋಷ ಎಂಬ ಈ ವಿವೇಕವನ್ನು ಹಾರ್ಫ್‌ಬಜ್‌ನಂಥ ಅಕ್ಷರಜೋಡಣೆಯ ತಂತ್ರಾಂಶವನ್ನು ನಿರ್ವಹಿಸುವವರಿಂದ ನಿರೀಕ್ಷಿಸಲಾಗದು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಇವೆಲ್ಲವೂ ಅಕ್ಷರಗಳನ್ನು ಜೋಡಿಸಲು ಹಾರ್ಫ್‌ಬಜ್ ಅನ್ನೇ ಅವಲಂಬಿಸಿವೆ. ಅಲ್ಲಿ ಉಳಿದ ಒಂದು ತಪ್ಪು ಕೋಟ್ಯಂತರ ಪರದೆಗಳಿಗೆ ಹರಡುತ್ತದೆ. ಅಲ್ಲಿ ಆದ ಒಂದು ತಿದ್ದುಪಡಿಯೂ ಅಷ್ಟೇ ದೂರ ಹೋಗುತ್ತದೆ.

ಅಕಾರಾದಿಯ ಪ್ರಶ್ನೆಯೂ ಇಂಥದೇ. ಕನ್ನಡ ವರ್ಣಮಾಲೆಯಲ್ಲಿ ಳಕಾರ ಬರುವುದು ಹಕಾರದ ಅನಂತರ. ಯೂನಿಕೋಡ್ ಕೋಷ್ಟಕದಲ್ಲಿ ಅದರ ಸ್ಥಾನ ಲಕಾರದ ಬೆನ್ನಿಗೆ, ವಕಾರಕ್ಕೆ ಮೊದಲು. ಸಂಕೇತಸಂಖ್ಯೆಯನ್ನಷ್ಟೇ ನೋಡಿ ಪದಗಳನ್ನು ಜೋಡಿಸುವ ತಂತ್ರಾಂಶದಲ್ಲಿ ‘ಕಳೆ’ ಎಂಬುದು ‘ಕವಿ’ಗಿಂತ ಮೊದಲು ಬಂದುಬಿಡುತ್ತದೆ. ನಿಘಂಟನ್ನು ಬಳಸಿ ರೂಢಿಯಿರುವವರಿಗೆ ಇದು ಕೂಡಲೇ ಕಾಣುವ ತಪ್ಪು. ಉಳಿದವರಿಗೆ ಇದು ಕೇವಲ ಒಂದು ಪದಪಟ್ಟಿ.

ತಿದ್ದಲಾಗದ ಹೆಸರು

ದೋಷವನ್ನು ಕಾಲ ಮೀರುವ ಮುನ್ನ ತಿಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ೞಕಾರ ಸಾಕ್ಷಿ. ಯೂನಿಕೋಡ್ ಸ್ವಯಂಸೇವಕರ ತಂತ್ರಾಂಶ ಯೋಜನೆಯಲ್ಲ. ಅದೊಂದು ಶಿಷ್ಟತಾ ಸಂಸ್ಥೆ. ಆದರೂ ಎಲ್ಲ ತಂತ್ರಾಂಶಗಳು ಅದನ್ನು ಆಧರಿಸುವುದರಿಂದ ಈ ಪ್ರಸಂಗ ಇಲ್ಲಿ ಪ್ರಸ್ತುತ. ಏೞ್, ಬಾೞೆ, ಕೋೞಿ ಮುಂತಾದ ಹಳಗನ್ನಡ ಪದಗಳ ಈ ಅಕ್ಷರವನ್ನು ರಳವೆಂದು ಕರೆದು ಕುಳ, ಕ್ಷಳಗಳಿಂದ ಬೇರ್ಪಡಿಸುವ ಚರ್ಚೆ 13ನೆಯ ಶತಮಾನದ ಕೇಶಿರಾಜನಿಂದ ಇಂದಿನ ತರಗತಿಯವರೆಗೆ ನಡೆದು ಬಂದಿದೆ. ಯೂನಿಕೋಡ್ ಕೋಷ್ಟಕದಲ್ಲಿ ಮಾತ್ರ ಈ ಅಕ್ಷರಕ್ಕೆ ಕೊಟ್ಟ ಅಧಿಕೃತ ಹೆಸರು ‘ಫ’ ಎಂಬ ಉಚ್ಚಾರಣೆಯನ್ನು ಸೂಚಿಸುವಂಥದು. ಇದು ತಪ್ಪೆಂಬುದನ್ನು ಸಂಸ್ಥೆಯೂ ಒಪ್ಪಿದೆ. ಆದರೆ 1996ರ ಎರಡನೆಯ ಆವೃತ್ತಿಯಿಂದ ಅನ್ವಯಿಸುವ ಸ್ಥಿರತಾ ನಿಯಮದಂತೆ ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವಂತಿಲ್ಲ. ಹೆಸರನ್ನು ನೆಚ್ಚಿಕೊಂಡ ತಂತ್ರಾಂಶಗಳು ಕೆಡಬಾರದೆಂಬುದು ಅದರ ಉದ್ದೇಶ. ಹೀಗಾಗಿ ಸರಿಯಾದ ಹೆಸರನ್ನು ತಿದ್ದುಪಡಿಯ ಉಪನಾಮವೆಂದು ಪಕ್ಕದಲ್ಲಿ ನಮೂದಿಸಲಾಗಿದೆ. ತಪ್ಪು ಹೆಸರು ತನ್ನ ಸ್ಥಾನದಲ್ಲಿಯೇ ಇದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆಯನ್ನೂ ಹೇಳಬೇಕು. ಕೋಷ್ಟಕದಲ್ಲಿ ೞಕಾರದ ನೆರೆಮನೆಯಲ್ಲಿಯೇ, 2021ರಲ್ಲಿ ಬಂದ 14ನೆಯ ಆವೃತ್ತಿಯಲ್ಲಿ, ನಕಾರಪೊಲ್ಲು ಎಂಬ ಪ್ರಾಚೀನ ಅಕ್ಷರರೂಪ ಸೇರ್ಪಡೆಯಾಯಿತು. ಹೊಸ ಅಕ್ಷರವೊಂದು ಅಲ್ಲಿಗೆ ಸೇರಬೇಕಾದರೆ ಅದು ಬಳಕೆಯಲ್ಲಿದ್ದುದನ್ನು ಬರಹದ ಮಾದರಿಗಳ ಮೂಲಕ ತೋರಿಸಬೇಕು. ಅಂದರೆ ಸಾಕ್ಷ್ಯಸಹಿತವಾದ ಮನವಿ ತಡವಾಗಿಯಾದರೂ ಫಲಿಸಿದೆ. ಒಂದು ಮನೆಯಲ್ಲಿ ತಿದ್ದಲಾಗದ ತಪ್ಪು, ಪಕ್ಕದ ಮನೆಯಲ್ಲಿ ಸಾಕ್ಷ್ಯದಿಂದ ದೊರೆತ ಸ್ಥಾನ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ವಿದ್ವತ್ತು ಯಾವ ಹೊತ್ತಿನಲ್ಲಿ, ಯಾವ ರೂಪದಲ್ಲಿ ಮಾತನಾಡಬೇಕೆಂಬುದು ತಿಳಿಯುತ್ತದೆ.

ಗ್ರಂಥಸಂಪಾದನೆಯ ಪಾಠ

ದೋಷವರದಿ ಕನ್ನಡ ವಿದ್ವಾಂಸರಿಗೆ ಅಪರಿಚಿತ ಪ್ರಕಾರವೆಂದು ತೋರಿದರೂ ಅದರ ಒಳಗಿನ ಶಿಸ್ತು ಅವರಿಗೆ ಚೆನ್ನಾಗಿ ಪರಿಚಿತ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಅಭ್ಯಾಸ ಮಾಡಿದವರಿಗೆ ಪ್ರತಿಯಲ್ಲಿರುವ ಪಾಠವನ್ನೂ ಸಂಪಾದಕನ ಊಹೆಯನ್ನೂ ಬೇರೆ ಬೇರೆಯಾಗಿ ಇಡಬೇಕೆಂಬ ನಿಯಮವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಟ್ಯಾಥಮ್ ಹೇಳುವ ಮಾತೂ ಅದೇ: ಕಂಡದ್ದು ಒಂದೆಡೆ, ಕಾರಣದ ಊಹೆ ಇನ್ನೊಂದೆಡೆ. ಯಾವ ಪ್ರತಿ, ಯಾವ ಗರಿ, ಯಾವ ಸಾಲು ಎಂದು ಸಂಪಾದಕ ಗುರುತಿಸುವಂತೆಯೇ ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಫಾಂಟ್ ಎಂದು ವರದಿಗಾರ ಗುರುತಿಸಬೇಕು. ಕವಿಯ ಪ್ರಯೋಗವನ್ನೂ ಲಿಪಿಕಾರನ ಸ್ಖಾಲಿತ್ಯವನ್ನೂ ಬೇರ್ಪಡಿಸುವ ಸಂಪಾದಕನ ಶ್ರಮ, ಶಿಷ್ಟತೆಯ ನಿಯಮವನ್ನೂ ಫಾಂಟಿನ ತಪ್ಪನ್ನೂ ಬೇರ್ಪಡಿಸುವ ಶ್ರಮಕ್ಕೆ ಸಮಾನವಾದುದು. ಹಲವು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಅವುಗಳಿಗೆ ಸಮಾನ ಮಾತೃಕೆ ಇರಬಹುದೆಂದು ಸಂಪಾದಕ ಅನುಮಾನಿಸುತ್ತಾನೆ. ಹಾಗೆಯೇ ಬೇರೆ ಬೇರೆ ತಂತ್ರಾಂಶಗಳಲ್ಲಿ ಒಂದೇ ಪದ ಒಂದೇ ಬಗೆಯಲ್ಲಿ ಕೆಟ್ಟರೆ ಅವೆಲ್ಲವೂ ಬಳಸುವ ಸಮಾನ ಘಟಕದಲ್ಲಿ ದೋಷವನ್ನು ಹುಡುಕಬೇಕಾಗುತ್ತದೆ.

ಈ ಹೋಲಿಕೆಗೆ ಮಿತಿಯೂ ಇದೆ. ಹಸ್ತಪ್ರತಿಯ ಲಿಪಿಕಾರ ಉತ್ತರ ಕೊಡಲಾರ. ಅವನ ಕಾಲ ಮುಗಿದಿದೆ. ದೋಷವರದಿಯನ್ನು ಓದುವವರು ಜೀವಂತ ವ್ಯಕ್ತಿಗಳು. ಅವರು ಮರುಪ್ರಶ್ನೆ ಹಾಕುತ್ತಾರೆ, ಇನ್ನಷ್ಟು ವಿವರ ಕೇಳುತ್ತಾರೆ, ತಿದ್ದುಪಡಿಯನ್ನು ಪರೀಕ್ಷಿಸಿ ನೋಡಿ ಎನ್ನುತ್ತಾರೆ. ಆದ್ದರಿಂದ ದೋಷವರದಿ ಒಮ್ಮೆ ಬರೆದು ಮುಗಿಸುವ ಬರಹವಲ್ಲ. ಅದೊಂದು ದೀರ್ಘ ಪತ್ರವ್ಯವಹಾರದ ಮೊದಲ ಪತ್ರ.

ಮೌನವೇ ತೀರ್ಪಾಗುವ ಪದ್ಧತಿ

ಇಲ್ಲಿಯೇ ವಿವಾದದ ಅಂಶ ಎದುರಾಗುತ್ತದೆ. ಹಲವು ಯೋಜನೆಗಳಲ್ಲಿ ನಿರ್ದಿಷ್ಟ ಅವಧಿಯವರೆಗೆ ಉತ್ತರ ಬಾರದ, ಚಲನೆಯಿಲ್ಲದ ವರದಿಗಳನ್ನು ಯಂತ್ರವೇ ಮುಚ್ಚಿಬಿಡುವ ಏರ್ಪಾಡಿದೆ. ಫೆಡೋರಾ ಎಂಬ ಲಿನಕ್ಸ್ ಯೋಜನೆಯಲ್ಲಿ ಒಂದೊಂದು ಆವೃತ್ತಿಗೂ ಸುಮಾರು 13 ತಿಂಗಳ ಆಯುಷ್ಯ. ಅದು ಮುಗಿದಾಗ ಆ ಆವೃತ್ತಿಯ ಮೇಲಿನ ಬಾಕಿ ವರದಿಗಳನ್ನು, ಯಾರಾದರೂ ಹೊಸ ಆವೃತ್ತಿಯಲ್ಲಿಯೂ ದೋಷವಿದೆಯೆಂದು ತಿಳಿಸದಿದ್ದರೆ, ಮುಚ್ಚಲಾಗುತ್ತದೆ. ಗ್ನೋಮ್ ಯೋಜನೆಯಲ್ಲಿ ಹಳೆಯ ವರದಿಗಳನ್ನು ಓದದೆಯೇ ಒಟ್ಟಾಗಿ ಮುಗಿಸಲಾಗುತ್ತಿದೆಯೆಂದು ಮೊಜಿಲ್ಲಾದ ಆರಂಭಕಾಲದ ಜೇಮೀ ಜವಿನ್ಸ್ಕಿ 2003ರಲ್ಲಿಯೇ ಕಟುವಾಗಿ ಟೀಕಿಸಿದ್ದರು.

ದೊಡ್ಡ ಭಾಷೆಗಳ ಮಟ್ಟಿಗೆ ಈ ಪದ್ಧತಿ ಅಷ್ಟು ಹಾನಿ ಮಾಡದು. ಇಂಗ್ಲಿಷಿನ ಒಂದು ಅಕ್ಷರ ತಪ್ಪಾಗಿ ಮೂಡಿದರೆ ಅದನ್ನು ಮತ್ತೆ ವರದಿ ಮಾಡಲು ನೂರಾರು ಮಂದಿ ಇರುತ್ತಾರೆ. ಕನ್ನಡದ ದೋಷವೊಂದನ್ನು ಯಾರೋ ಒಬ್ಬ ವಿದ್ಯಾರ್ಥಿ ಒಮ್ಮೆ ತಿಳಿಸಿದ್ದಾನೆ. ಮರುಪ್ರಶ್ನೆ ಬರುವ ಹೊತ್ತಿಗೆ ಅವನ ವ್ಯಾಸಂಗ ಮುಗಿದಿದೆ. ದೃಢಪಡಿಸುವ ಇನ್ನೊಬ್ಬರಿಲ್ಲ. ಅವಧಿ ಮುಗಿದೊಡನೆ ವರದಿ ಮುಚ್ಚುತ್ತದೆ. ದೋಷ ಹೋಗಿಲ್ಲ, ಅದರ ದಾಖಲೆ ಮಾತ್ರ ಕಣ್ಮರೆಯಾಗಿದೆ. ಬಳಕೆದಾರರು ಕಡಿಮೆಯಿರುವೆಡೆ ಮೌನವನ್ನು ದೋಷದ ಅಭಾವವೆಂದು ಓದುವುದು ತಾರ್ಕಿಕವಾಗಿಯೂ ತಪ್ಪು. ಭಾಷೆ ಮತ್ತು ಲಿಪಿಗೆ ಸಂಬಂಧಿಸಿದ ವರದಿಗಳನ್ನು ಕಾಲಮಿತಿಯ ಕಾರಣದಿಂದ ಮಾತ್ರ ಮುಚ್ಚಬಾರದು; ಆ ಭಾಷೆಯನ್ನು ಬಲ್ಲ ಒಬ್ಬರಾದರೂ ನೋಡಿದ ಮೇಲೆಯೇ ಇತ್ಯರ್ಥಗೊಳಿಸಬೇಕು ಎಂದು ಯೋಜನೆಗಳನ್ನು ಕೇಳುವುದು ನ್ಯಾಯವಾದ ಬೇಡಿಕೆ.

ಆದರೆ ಬೇಡಿಕೆ ಇಡುವವರು ಎದುರುಪಕ್ಷದ ಸ್ಥಿತಿಯನ್ನೂ ಅರಿಯಬೇಕು. ವರದಿಯನ್ನು ಓದುವವರು ಹೆಚ್ಚಿನ ಸಂದರ್ಭಗಳಲ್ಲಿ ಸಂಬಳವಿಲ್ಲದೆ, ಉದ್ಯೋಗದ ಬಿಡುವಿನಲ್ಲಿ, ಯಾರ ಹಂಗೂ ಇಲ್ಲದೆ ಆ ಕೆಲಸ ಮಾಡುತ್ತಾರೆ. ಅವರು ಗ್ರಾಹಕನ ದೂರನ್ನು ಕೇಳಲು ಕುಳಿತ ನೌಕರರಲ್ಲ. ಅವರ ಮೇಲೆ ಬೀಳುವ ಒತ್ತಡ ಎಷ್ಟು ಅಪಾಯಕರವಾಗಬಹುದು ಎಂಬುದನ್ನು 2024ರ ಮಾರ್ಚಿಯಲ್ಲಿ ಬಯಲಾದ ಎಕ್ಸ್‌ಜೆಡ್ ಪ್ರಕರಣ ತೋರಿಸಿತು. ಕಡತಗಳನ್ನು ಸಂಕುಚಿತಗೊಳಿಸುವ ಆ ಪುಟ್ಟ ತಂತ್ರಾಂಶವನ್ನು ಬಹುಕಾಲ ಒಬ್ಬ ಸ್ವಯಂಸೇವಕರೇ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನವಾಗುತ್ತಿದೆಯೆಂದು ಬಳಕೆದಾರರ ಹೆಸರಿನಲ್ಲಿ 2022ರಲ್ಲಿ ಒತ್ತಾಯದ ಪತ್ರಗಳು ಬಂದವು. ನೆರವಿಗೆ ಬಂದವನಂತೆ ತೋರಿದ ಸಹನಿರ್ವಾಹಕನೇ ಮುಂದೆ ಅದರೊಳಗೆ ಕಳ್ಳದಾರಿಯನ್ನು ಸೇರಿಸಿದ್ದನು. ಇದನ್ನು ಪತ್ತೆಹಚ್ಚಿದ ಆಂಡ್ರೆಸ್ ಫ್ರೌಂಡ್ ಎಂಬ ತಂತ್ರಜ್ಞರಿಗೆ ಮೊದಲು ದೊರೆತ ಸುಳಿವು, ದೂರದ ಗಣಕಕ್ಕೆ ಪ್ರವೇಶ ಪಡೆಯುವಾಗ ಆಗುತ್ತಿದ್ದ ಸುಮಾರು ಅರ್ಧ ಸೆಕೆಂಡಿನ ವಿಳಂಬ. ಅವರು ಕಂಡದ್ದನ್ನು ಕ್ರಮವಾಗಿ, ಸಾಕ್ಷ್ಯಸಹಿತವಾಗಿ ಬರೆದು ಪ್ರಕಟಿಸಿದರು. ದಣಿದ ಒಬ್ಬ ಸ್ವಯಂಸೇವಕರ ಮೇಲೆ ಬಿದ್ದ ಕೆಟ್ಟ ದೂರುಗಳು ಅಪಾಯಕ್ಕೆ ದಾರಿ ಮಾಡಿದವು. ಒಂದು ಒಳ್ಳೆಯ ದೋಷವರದಿ ಅದನ್ನು ತಡೆಯಿತು.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಹೊರೆಯೂ ಸೇರಿದೆ. ಕರ್ಲ್ ಎಂಬ ಮುಕ್ತ ತಂತ್ರಾಂಶವನ್ನು ನಿರ್ವಹಿಸುವ ಡೇನಿಯಲ್ ಸ್ಟೆನ್‌ಬರ್ಗ್, ಕೃತಕ ಬುದ್ಧಿಮತ್ತೆಯ ಯಂತ್ರಗಳಿಂದ ಬರೆಸಿದ ಹುಸಿ ವರದಿಗಳು ತಮ್ಮ ಬಳಗದ ಸಮಯವನ್ನು ತಿನ್ನುತ್ತಿವೆಯೆಂದು 2024ರಿಂದ ಬಹಿರಂಗವಾಗಿಯೇ ಹೇಳುತ್ತ ಬಂದಿದ್ದಾರೆ. ಅವು ನೋಡಲು ವ್ಯವಸ್ಥಿತ, ಭಾಷೆಯಲ್ಲಿ ಸಭ್ಯ, ಒಳಗೆ ಟೊಳ್ಳು. ಬರೆದದ್ದನ್ನು ಸ್ವತಃ ಪರೀಕ್ಷಿಸಿದವರ ಸಾಕ್ಷ್ಯಕ್ಕೆ ಈ ಸನ್ನಿವೇಶದಲ್ಲಿ ಬೆಲೆ ಹೆಚ್ಚಿದೆ.

ವಿಭಾಗಗಳ ಮುಂದಿರುವ ಕೆಲಸ

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಹೆಚ್ಚಿನ ಹಣವಾಗಲೀ ಹೊಸ ಸಂಸ್ಥೆಯಾಗಲೀ ಇಲ್ಲದೆ ಮಾಡಬಹುದಾದ ಕೆಲವು ಕೆಲಸಗಳಿವೆ. ಮೊದಲನೆಯದು ಒಂದು ಪರೀಕ್ಷಾ ಪದಪಟ್ಟಿಯ ರಚನೆ. ಅರ್ಕಾವೊತ್ತು, ರಕಾರದ ಒತ್ತು, ಒತ್ತಿನ ಮೇಲೆ ಒತ್ತು ಬರುವ ಸಂಯುಕ್ತಾಕ್ಷರ, ಱಕಾರ, ೞಕಾರ, ಅನುಸ್ವಾರ, ಳಕಾರದ ಅಕಾರಾದಿ ಮೊದಲಾದವುಗಳನ್ನು ಒಳಗೊಂಡ ಪದಗಳನ್ನು ಆಯ್ದು, ಪ್ರತಿಯೊಂದು ಹೇಗೆ ಮೂಡಬೇಕು, ಎಲ್ಲಿ ವಿಕಲ್ಪವುಂಟು ಎಂಬುದನ್ನು ಆಧಾರಸಹಿತ ನಮೂದಿಸಿದ ಪಟ್ಟಿ ಅದು. ಇಂಥ ಪಟ್ಟಿ ಕೈಯಲ್ಲಿದ್ದರೆ ಕನ್ನಡ ಬಾರದ ಸ್ವಯಂಸೇವಕರೂ ತಮ್ಮ ತಂತ್ರಾಂಶವನ್ನು ಪ್ರತಿ ಬಿಡುಗಡೆಗೂ ಮೊದಲು ಪರೀಕ್ಷಿಸಿಕೊಳ್ಳಬಲ್ಲರು. ಎರಡನೆಯದು ದೃಢೀಕರಣ. ಬಾಕಿ ಉಳಿದಿರುವ ಕನ್ನಡದ ವರದಿಗಳನ್ನು ಹುಡುಕಿ, ದೋಷ ಈಗಲೂ ಇದೆಯೇ ಎಂದು ನೋಡಿ, ಎರಡು ಸಾಲಿನ ಷರಾ ಬರೆಯುವುದಕ್ಕೆ ಸಂಕೇತರಚನೆಯ ಜ್ಞಾನ ಬೇಕಾಗಿಲ್ಲ. ಮೂರನೆಯದು ಅಭ್ಯಾಸ. ಗ್ರಂಥಸಂಪಾದನೆಯ ಪತ್ರಿಕೆಯನ್ನು ಓದುವ ಸ್ನಾತಕೋತ್ತರ ವಿದ್ಯಾರ್ಥಿಗೆ ವರ್ಷಕ್ಕೊಂದು ದೋಷವರದಿಯನ್ನು ಬರೆಯುವ ಕಾರ್ಯಭಾರ ಕೊಟ್ಟರೆ ಅವನ ಪಾಠನಿಷ್ಠೆಯೂ ಪರೀಕ್ಷೆಗೆ ಒಳಗಾಗುತ್ತದೆ, ಭಾಷೆಗೂ ಪ್ರಯೋಜನವಾಗುತ್ತದೆ. ವಿದ್ಯಾರ್ಥಿಗಳು ವರ್ಷವರ್ಷ ಬದಲಾದರೂ ವಿಭಾಗ ಉಳಿಯುವುದರಿಂದ ಮರುಪ್ರಶ್ನೆಗೆ ಉತ್ತರಿಸುವವರು ಸದಾ ಇರುತ್ತಾರೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮುಕ್ತ ತಂತ್ರಾಂಶವನ್ನು ಬಳಸಿ ಲಾಭ ಗಳಿಸುವ ಕಂಪೆನಿಗಳಿಗೆ ಅಧ್ಯಾಪಕರು ಬಿಟ್ಟಿ ದುಡಿಯಬೇಕೇ ಎಂಬುದು ಮೊದಲನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಆದರೂ ಮುಕ್ತ ತಂತ್ರಾಂಶಕ್ಕೆ ಸಂದ ತಿದ್ದುಪಡಿ ಯಾವ ಕಂಪೆನಿಯ ಸ್ವತ್ತೂ ಆಗುವುದಿಲ್ಲ. ಅದು ಸಾರ್ವಜನಿಕ ಸ್ವತ್ತಾಗಿ ಉಳಿಯುತ್ತದೆ, ಮತ್ತು ದೋಷ ಹಾಗೆಯೇ ಉಳಿದರೆ ನಷ್ಟವಾಗುವುದು ಕಂಪೆನಿಗಿಂತ ಮೊದಲು ಕನ್ನಡದ ಓದುಗನಿಗೆ. ಇಂಥ ಕೆಲಸಕ್ಕೆ ವಿದ್ವತ್ಮನ್ನಣೆ ಎಲ್ಲಿದೆ ಎಂಬುದು ಎರಡನೆಯ ಆಕ್ಷೇಪ. 2010ರ ಯು.ಜಿ.ಸಿ. ನಿಯಮಾವಳಿ ಅಧ್ಯಾಪಕರ ಬಡ್ತಿಗೆ ಅಂಕಗಣನೆಯನ್ನು ತಂದಂದಿನಿಂದ ಪ್ರಕಟಿತ ಲೇಖನಕ್ಕೆ ದೊರೆತ ತೂಕ ಇಂಥ ಕೆಲಸಕ್ಕೆ ದೊರೆತಿಲ್ಲವೆಂಬುದು ವಾಸ್ತವ. ಇದನ್ನು ಬದಲಾಯಿಸಲು ವಿಶ್ವವಿದ್ಯಾಲಯಗಳು ಮುಂದಾಗಬೇಕು. ದೋಷವರದಿ ದಿನಾಂಕಸಹಿತ, ಕ್ರಮಸಂಖ್ಯೆಸಹಿತ ಬಹಿರಂಗ ದಾಖಲೆ. ಅದನ್ನು ಬರೆದವರು ಯಾರು, ಅದರಿಂದ ಏನು ತಿದ್ದಿತು ಎಂಬುದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಅನೇಕ ಪ್ರಕಟಣೆಗಳ ಬಗ್ಗೆ ಇಷ್ಟು ಖಚಿತವಾಗಿ ಹೇಳುವುದು ಕಷ್ಟ.

ಕನ್ನಡದ ಪಠ್ಯಗಳು ಇಂದು ಓಲೆಗರಿಗಿಂತ, ಅಚ್ಚಿನ ಹಾಳೆಗಿಂತ ಹೆಚ್ಚಾಗಿ ಪರದೆಯ ಮೇಲೆ ಪ್ರತಿಗೊಳ್ಳುತ್ತಿವೆ. ಹಿಂದಿನ ಲಿಪಿಕಾರನ ಒಂದು ಕೈತಪ್ಪು ಅವನ ಪ್ರತಿಗೂ ಅದರಿಂದ ಇಳಿದ ಪ್ರತಿಗಳಿಗೂ ಸೀಮಿತವಾಗಿತ್ತು. ತಂತ್ರಾಂಶದ ಒಂದು ಕೈತಪ್ಪು ಏಕಕಾಲಕ್ಕೆ ಎಲ್ಲ ಪ್ರತಿಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅದನ್ನು ತಿದ್ದುವ ಅವಕಾಶವನ್ನು ಮುಕ್ತ ತಂತ್ರಾಂಶದ ಬಳಗಗಳು ಎಲ್ಲರಿಗೂ ತೆರೆದಿಟ್ಟಿವೆ. ಅಲ್ಲಿ ಪ್ರವೇಶಶುಲ್ಕವಿಲ್ಲ, ಶಿಫಾರಸು ಬೇಕಾಗಿಲ್ಲ. ಬೇಕಾಗಿರುವುದು ಕಂಡದ್ದನ್ನು ಕಂಡಂತೆ ಬರೆಯುವ ಶಿಸ್ತು ಮತ್ತು ಮರುಪ್ರಶ್ನೆ ಬಂದಾಗ ಉತ್ತರ ಕೊಡುವ ತಾಳ್ಮೆ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಗುರುತಿಸುತ್ತ ಬಂದ ವಿದ್ವತ್ಪರಂಪರೆಗೆ ಇವೆರಡೂ ಹೊಸವಲ್ಲ.